12 ವಾರಗಳ ನಿವೃತ್ತಿ ಆಪ್ತಸಮಾಲೋಚನೆ: ಹಣದ ಪಾಠ ಸಪ್ಪೆ, ವಾರದ ಹಾಳೆ ಗಟ್ಟಿ

ಅವಧಿಗೆ ಮುನ್ನ ಕೆಲಸ ಬಿಟ್ಟವರಿಗೆಂದೇ ರೂಪಿಸಿದ ಆಪ್ತಸಮಾಲೋಚನಾ ಸೇವೆಗಳು ಈಚೆಗೆ ಹಲವು ಬಂದಿವೆ. ಅವುಗಳಲ್ಲಿ ಒಂದನ್ನು ಪೂರ್ತಿಯಾಗಿ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಸೇವೆಯ ಅವಧಿ 12 ವಾರ. ವಾರಕ್ಕೊಮ್ಮೆ ತರಬೇತಿ ಪಡೆದ ಆಪ್ತಸಮಾಲೋಚಕರೊಂದಿಗೆ ವಿಡಿಯೊ ಮೂಲಕ 50 ನಿಮಿಷಗಳ ಮಾತುಕತೆ, ಹದಿನೈದು ದಿನಕ್ಕೊಂದು ಗುಂಪು ಸಭೆ, ಉಳಿದ ದಿನಗಳಲ್ಲಿ ಆ್ಯಪ್‌ನಲ್ಲಿ ತುಂಬಬೇಕಾದ ಹಾಳೆಗಳು. ಸೇವೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನಾನು ಎತ್ತುವ ತಕರಾರುಗಳಲ್ಲಿ ಹೆಚ್ಚಿನವು ಒಂದು ಸಂಸ್ಥೆಯದ್ದಕ್ಕಿಂತ ಈ ಬಗೆಯ ಸೇವೆಗಳ ಅಚ್ಚಿನಲ್ಲೇ ಇರುವಂಥವು. ಐವತ್ತು ತುಂಬುವ ಮೊದಲೇ ಸ್ವಂತ ನಿರ್ಧಾರದಿಂದ ಕೆಲಸ ಬಿಟ್ಟವನು ನಾನು. ಹಣದ ತಾಪತ್ರಯವಿರಲಿಲ್ಲ, ದೇಹದಲ್ಲಿ ಹೇಳಿಕೊಳ್ಳುವಂಥ ಕಾಯಿಲೆಯೂ ಇರಲಿಲ್ಲ. ಆದರೂ ಕೆಲವು ತಿಂಗಳು ಕಳೆಯುವಷ್ಟರಲ್ಲಿ ನಿದ್ದೆಯ ಹೊತ್ತು ಅಡ್ಡಾದಿಡ್ಡಿಯಾಗಿ, ಮಧ್ಯಾಹ್ನದ ಹೊತ್ತಿಗೆ ಕಾರಣವಿಲ್ಲದ ಕಸಿವಿಸಿ ಶುರುವಾಗುತ್ತಿತ್ತು. ವೈದ್ಯರು ಪರೀಕ್ಷಿಸಿ, ಔಷಧಿಯ ಅಗತ್ಯ ಕಾಣುವುದಿಲ್ಲ, ಯಾರೊಂದಿಗಾದರೂ ಕ್ರಮಬದ್ಧವಾಗಿ ಮಾತನಾಡಿ ಎಂದ ಮೇಲೆ ಈ ಸೇವೆಗೆ ಸೇರಿದೆ.

ಸೇರುವವರಿಗೆ ಮೊದಲು ತೋರಿಸುವ ಪರಿಚಯದ ವಿಡಿಯೊ ಹೆದರಿಸುವ ಧಾಟಿಯಲ್ಲಿದೆ. 1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಮನೋವೈದ್ಯರು ಬದುಕಿನ 43 ಘಟನೆಗಳಿಗೆ ಒತ್ತಡದ ಅಂಕಗಳನ್ನು ಕೊಟ್ಟು ಒಂದು ಪಟ್ಟಿ ಮಾಡಿದರು. ಸಂಗಾತಿಯ ಸಾವಿಗೆ 100, ನಿವೃತ್ತಿಗೆ 45. ವಿಡಿಯೊ ಈ 45ನ್ನು ಕೆಂಪಕ್ಷರದಲ್ಲಿ ತೋರಿಸುತ್ತದೆ. ಅದೇ ಪಟ್ಟಿಯಲ್ಲಿ ಮದುವೆಗೆ 50 ಅಂಕವಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಆ ಪಟ್ಟಿ ಅಳೆಯುವುದು ಬದಲಾವಣೆಗೆ ಒಗ್ಗಿಕೊಳ್ಳಲು ಬೇಕಾಗುವ ಶ್ರಮವನ್ನು; ಕೆಟ್ಟದ್ದು ಎಷ್ಟು, ಒಳ್ಳೆಯದು ಎಷ್ಟು ಎಂಬುದನ್ನು ಅದು ಅಳೆಯುವುದಿಲ್ಲ. ನಿವೃತ್ತಿಯಾದವರು ಖಿನ್ನತೆಗೆ ಬಿದ್ದೇ ಬೀಳುತ್ತಾರೆ ಎಂಬ ಸೂಚನೆಗೂ ಆಧಾರ ಸಾಲದು. ಫ್ರಾನ್ಸಿನ ವಿದ್ಯುತ್ ಮತ್ತು ಅನಿಲ ಸಂಸ್ಥೆಯ ನೌಕರರನ್ನು ವರ್ಷಗಟ್ಟಲೆ ಗಮನಿಸಿದ ಗ್ಯಾಜೆಲ್ ಅಧ್ಯಯನದಲ್ಲಿ, ನಿವೃತ್ತಿಯ ಆಸುಪಾಸಿನಲ್ಲಿ ದಣಿವೂ ಖಿನ್ನತೆಯ ಲಕ್ಷಣಗಳೂ ಇಳಿದದ್ದೇ ಕಂಡುಬಂತು. ಇನ್ನೊಂದು ಕಡೆ, 2010ರಲ್ಲಿ ಅರ್ಥಶಾಸ್ತ್ರಜ್ಞರಾದ ಸೂಸನ್ ರೋವೆಡರ್ ಮತ್ತು ರಾಬರ್ಟ್ ವಿಲ್ಲಿಸ್ ಅಮೆರಿಕ ಮತ್ತು ಯೂರೋಪಿನ ಅರವತ್ತರ ಆರಂಭದಲ್ಲಿರುವವರನ್ನು ಹೋಲಿಸಿದಾಗ, ಬೇಗ ನಿವೃತ್ತರಾಗುವ ದೇಶಗಳಲ್ಲಿ ಪದಗಳ ಪಟ್ಟಿಯನ್ನು ನೆನಪಿನಿಂದ ಹೇಳುವ ಪರೀಕ್ಷೆಯ ಅಂಕಗಳು ಕಡಿಮೆ ಬಂದವು. ಎಂಥ ಕೆಲಸ ಬಿಟ್ಟರು, ತಾವಾಗಿ ಬಿಟ್ಟರೋ ಬಿಡಿಸಲ್ಪಟ್ಟರೋ, ಬಿಟ್ಟ ಮೇಲೆ ಏನು ಹಿಡಿದರು ಎಂಬುದರ ಮೇಲೆ ಫಲ ನಿಲ್ಲುತ್ತದೆ ಎಂಬಷ್ಟು ವಿವೇಕವನ್ನು ಒಂದು ಪರಿಚಯ ವಿಡಿಯೊದಿಂದ ನಿರೀಕ್ಷಿಸುವುದು ಅತಿಯೇನಲ್ಲ. ಅದೃಷ್ಟವಶಾತ್ ಆಪ್ತಸಮಾಲೋಚಕರು ವಿಡಿಯೊ ಮಾಡಿದವರಿಗಿಂತ ಬಲ್ಲವರಾಗಿದ್ದರು.

ಮೊದಲ ಎರಡು ವಾರಗಳು ಹಣದ ಪಾಠಕ್ಕೆ ಹೋಗುತ್ತವೆ. ವಾರ್ಷಿಕ ಖರ್ಚಿನ 25 ಪಟ್ಟು ಕೂಡಿಟ್ಟರೆ ಸಾಕು, ಮೊದಲ ವರ್ಷ ಅದರ ಶೇಕಡಾ 4ರಷ್ಟು ತೆಗೆದು ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸಿಕೊಳ್ಳುತ್ತ ಹೋಗಬಹುದು ಎಂಬ ಸೂತ್ರವನ್ನು ಬೇಗ ನಿವೃತ್ತರಾಗಲು ಹೊರಟವರೆಲ್ಲ ಬಾಯಿಪಾಠ ಮಾಡಿರುತ್ತಾರೆ. ಅದು 1994ರಲ್ಲಿ ಹಣಕಾಸು ಸಲಹೆಗಾರ ವಿಲಿಯಂ ಬೆಂಗನ್ ಅಮೆರಿಕದ ಮಾರುಕಟ್ಟೆಯ ಹಳೆಯ ಅಂಕಿಗಳಿಂದ ಹೊರತೆಗೆದ ಲೆಕ್ಕ. 1998ರಲ್ಲಿ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಪ್ರಾಧ್ಯಾಪಕರ ಅಧ್ಯಯನದ ನಂತರ ಇನ್ನಷ್ಟು ಪ್ರಚಾರ ಪಡೆಯಿತು. ಎರಡೂ ಮುಖ್ಯವಾಗಿ 30 ವರ್ಷಗಳ ನಿವೃತ್ತಿಯನ್ನು ಕಣ್ಣಮುಂದಿಟ್ಟುಕೊಂಡಂಥವು. 45ಕ್ಕೆ ಕೆಲಸ ಬಿಟ್ಟವರ ಮುಂದೆ 45 ವರ್ಷವೇ ಇರಬಹುದು. ಈ ಮಾತನ್ನು ಸೇವೆ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಹಣಕಾಸು ಸಲಹೆಗಾರರಿಗೆ ಬಿಡಬೇಕಾದ ವಿಷಯಕ್ಕೆ ಇಲ್ಲಿ ಎರಡು ವಾರ ಕೊಟ್ಟದ್ದು ದಂಡ ಎಂಬುದು ನನ್ನ ಅಭಿಪ್ರಾಯ. ಆದರೆ ಆ ಪಾಠದಲ್ಲಿ ಮನಸ್ಸಿಗೆ ನೇರವಾಗಿ ಸಂಬಂಧಿಸಿದ ಒಂದು ತುಣುಕಿತ್ತು. ಸಂಬಳ ನಿಂತ ಮೇಲೆ ಉಳಿತಾಯದ ಖಾತೆಯನ್ನು ದಿನಕ್ಕೆ ಹಲವು ಬಾರಿ ತೆರೆದು ನೋಡುವ ಚಟ ಬಹಳ ಜನರಿಗೆ ಅಂಟಿಕೊಳ್ಳುತ್ತದೆ; ಕೂಡಿಡುವಾಗ ಏರಿಳಿತ ತಮಾಷೆಯಾಗಿ ಕಾಣುತ್ತಿದ್ದದ್ದು, ತೆಗೆಯುವಾಗ ಎದೆ ಹಿಂಡುತ್ತದೆ. ಮೂರು ತಿಂಗಳಿಗೊಮ್ಮೆ ಒಂದು ದಿನ ಗೊತ್ತುಮಾಡಿಕೊಂಡು ಆ ದಿನವಷ್ಟೇ ನೋಡಬೇಕು, ಉಳಿದಂತೆ ಫೋನಿನಿಂದ ಆ ಖಾತೆಯ ಆ್ಯಪ್ ತೆಗೆದುಹಾಕಬೇಕು ಎಂಬ ಸಲಹೆಯನ್ನು ನಾನು ಪಾಲಿಸಿದೆ, ಮಧ್ಯಾಹ್ನದ ಕಸಿವಿಸಿಯಲ್ಲಿ ಒಂದು ಪಾಲು ಅಲ್ಲಿಗೇ ಇಳಿಯಿತು.

ಮನಸ್ಥಿತಿಯನ್ನು ಅಳೆಯಲು ಸೇವೆ ಬಳಸುವುದು ವೈದ್ಯರೂ ಬಳಸುವ ಎರಡು ಪ್ರಶ್ನಾವಳಿಗಳನ್ನು. ಖಿನ್ನತೆಗೆ ಪಿಎಚ್‌ಕ್ಯೂ-9, ಆತಂಕಕ್ಕೆ ಜಿಎಡಿ-7. ಮೊದಲನೆಯದರಲ್ಲಿ 9 ಪ್ರಶ್ನೆಗಳು, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣುವುದು ಒಳಿತು ಎಂಬುದು ವಾಡಿಕೆ. ಎರಡನೆಯದರ ಗರಿಷ್ಠ ಅಂಕ 21. ಸಾಧನಗಳ ಆಯ್ಕೆಯಲ್ಲಿ ದೋಷವಿಲ್ಲ, ಬಳಸುವ ರೀತಿಯಲ್ಲಿ ಇದೆ. ಎರಡೂ ಪ್ರಶ್ನಾವಳಿಗಳು ಕೇಳುವುದು ಕಳೆದ 2 ವಾರಗಳ ಬಗ್ಗೆ. ಆ್ಯಪ್ ಮಾತ್ರ ಅವನ್ನು ವಾರವಾರವೂ ತುಂಬಿಸಿಕೊಳ್ಳುತ್ತದೆ. ಹಾಗಾಗಿ ಪ್ರತಿ ಉತ್ತರದಲ್ಲೂ ಹಿಂದಿನ ಉತ್ತರದ ಅರ್ಧ ಸೇರಿಕೊಂಡು, ನಕ್ಷೆಯ ಗೆರೆ ಸಹಜವಾಗಿಯೇ ಇದ್ದುದಕ್ಕಿಂತ ನುಣ್ಣಗೆ ಕಾಣುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಬೇಗ ನಿವೃತ್ತರಾಗುವವರು ಬಹುಪಾಲು ಗುರಿ ಮುಟ್ಟುವುದರಲ್ಲೇ ಬದುಕು ಸವೆಸಿದವರು. ಅವರ ಕೈಗೆ ಹಸಿರು-ಕೆಂಪು ಬಣ್ಣದ ನಕ್ಷೆ ಕೊಟ್ಟರೆ ಅಂಕ ಇಳಿಸುವುದೇ ಹೊಸ ಕಚೇರಿ ಕೆಲಸವಾಗುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬರು ಕಳೆದ ವಾರ ನಾನು ಅಂಕವನ್ನು 6ಕ್ಕೆ ತಂದೆ ಎಂದು ಹೆಮ್ಮೆಯಿಂದ ಹೇಳಿದಾಗ ಆಪ್ತಸಮಾಲೋಚಕರು ನಕ್ಕು, ಅಂಕ ತಂದಿರೋ, ನಿದ್ದೆ ತಂದಿರೋ ಎಂದು ಕೇಳಿದರು.

ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆಯ ಬಗ್ಗೆ ಪ್ರತ್ಯೇಕವಾಗಿ ಬರೆಯಬೇಕು. ಸತ್ತರೆ ಒಳ್ಳೆಯದಿತ್ತು ಎಂಬ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂದು ಅದು ಕೇಳುತ್ತದೆ. ಇಂಥ ಯಾವುದೇ ಸೇವೆಯ ಯೋಗ್ಯತೆಯನ್ನು ಈ ಒಂದು ಪ್ರಶ್ನೆಗೆ ಸೊನ್ನೆಯಲ್ಲದ ಉತ್ತರ ಬಂದಾಗ ಅದು ಏನು ಮಾಡುತ್ತದೆ ಎಂಬುದರಿಂದಲೇ ಅಳೆಯಬೇಕೆಂದು ನನಗನಿಸುತ್ತದೆ. ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ಇದೊಂದರ ಉತ್ತರಕ್ಕೆ ಮನುಷ್ಯರೊಬ್ಬರು ಸ್ಪಂದಿಸಬೇಕು. ನನ್ನ ಉತ್ತರ ಸೊನ್ನೆಯೇ ಆಗಿತ್ತು, ಆದರೂ ಸೇರುವಾಗಲೇ ಲಿಖಿತವಾಗಿ ವಿಚಾರಿಸಿದೆ. ಅಂಥ ಉತ್ತರ ಬಂದೊಡನೆ ಪರದೆಯ ಮೇಲೆ ಸಹಾಯವಾಣಿಯ ಸಂಖ್ಯೆ ಮೂಡುತ್ತದೆ, ಆಪ್ತಸಮಾಲೋಚಕರಿಗೆ ಎಚ್ಚರಿಕೆ ಹೋಗುತ್ತದೆ, ಅವರು ಅದೇ ದಿನ ಕರೆ ಮಾಡುತ್ತಾರೆ ಎಂಬ ಉತ್ತರ ಬಂತು. ರಜಾದಿನಗಳಲ್ಲಿ ಎಂದು ಮತ್ತೆ ಕೇಳಿದಾಗ, ಮುಂದಿನ ಕೆಲಸದ ದಿನದವರೆಗೆ ಎಚ್ಚರಿಕೆಯನ್ನು ಯಾರೂ ನೋಡುವುದಿಲ್ಲ ಎಂದು ಒಪ್ಪಿಕೊಂಡರು. ಪ್ರಾಮಾಣಿಕ ಉತ್ತರವೇನೋ ಸರಿ, ಆದರೆ ಇದನ್ನು ಕೇಳಿದವರಿಗಷ್ಟೇ ಹೇಳದೆ ಪ್ರಶ್ನೆಯ ಕೆಳಗೇ ಬರೆಯಬೇಕಿತ್ತು. ಅಂಥ ಯೋಚನೆ ಬರುತ್ತಿರುವವರು ಯಾವ ಆ್ಯಪ್‌ನ ಕರೆಗೂ ಕಾಯದೆ ಹತ್ತಿರದವರಿಗೆ ತಿಳಿಸಿ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಇನ್ನು ಸೇವೆಯ ತಿರುಳಿಗೆ ಬರೋಣ. ಮೂರನೆಯ ವಾರದಿಂದ ಕೊನೆಯವರೆಗೆ ನಡೆಯುವುದು ವಾರದ ಹಾಳೆಯ ಕೆಲಸ. ಏಳು ದಿನ, ದಿನಕ್ಕೆ 24 ಗಂಟೆ, ಒಟ್ಟು 168 ಚೌಕಗಳು. ಪ್ರತಿ ಚೌಕದಲ್ಲಿ ಏನು ಮಾಡಿದಿರಿ ಎಂದು ಬರೆದರೆ ಮುಗಿಯುವುದಿಲ್ಲ. ಯಾರೊಂದಿಗೆ, ಯಾರಿಗಾಗಿ, ಮೊದಲೇ ಗೊತ್ತುಮಾಡಿದ್ದೋ ಹೊತ್ತು ಹೋಗಲೆಂದು ಮಾಡಿದ್ದೋ ಎಂಬುದನ್ನೂ ಗುರುತಿಸಬೇಕು. ನೋಡಲು ಶಾಲೆಯ ವೇಳಾಪಟ್ಟಿಯಂತೆಯೇ ಇರುವ ಈ ಹಾಳೆಯ ಹಿಂದೆ ಒಂದು ಗಂಭೀರ ವಿಚಾರಧಾರೆಯಿದೆ. ಅದರ ಮೂಲವನ್ನು ಸೇವೆ ಎಲ್ಲೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ.

ಆಸ್ಟ್ರಿಯಾದ ಮರಿಯೆಂಟಾಲ್ ಎಂಬ ಹಳ್ಳಿಯಲ್ಲಿದ್ದ ಜವಳಿ ಗಿರಣಿ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಾಗ, 1930ರ ದಶಕದ ಆರಂಭದಲ್ಲಿ ಸಾಮಾಜಿಕ ಮನಶ್ಶಾಸ್ತ್ರಜ್ಞೆ ಮರೀ ಯಹೋಡಾ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ಜನರ ದಿನಚರಿಯನ್ನು ಅಧ್ಯಯನ ಮಾಡಿದರು. ಕೈತುಂಬ ಬಿಡುವು ಸಿಕ್ಕ ಜನ ಹೆಚ್ಚು ಓದುತ್ತಾರೆಂದು ಯಾರಾದರೂ ಊಹಿಸಬಹುದಿತ್ತು, ಆಗಿದ್ದು ತಿರುಗುಮುರುಗು. ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು, ಶುಲ್ಕ ತೆಗೆದುಹಾಕಿದ ಮೇಲೂ, ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಗಂಡಸರು ಬೀದಿಯಲ್ಲಿ ನಡೆಯುವ ವೇಗ ಕುಗ್ಗಿತು, ನಡುನಡುವೆ ಸುಮ್ಮನೆ ನಿಂತುಬಿಡುತ್ತಿದ್ದರು. ಬೆಳಗಿನಿಂದ ಏನು ಮಾಡಿದಿರಿ ಎಂದರೆ ಹೇಳಲು ಅವರಿಗೆ ತೋಚುತ್ತಿರಲಿಲ್ಲ. ಮುಂದೆ ಯಹೋಡಾ ಈ ಅನುಭವದಿಂದ ಒಂದು ಸಿದ್ಧಾಂತವನ್ನೇ ಕಟ್ಟಿದರು. ಉದ್ಯೋಗ ಸಂಬಳವನ್ನಲ್ಲದೆ ಇನ್ನೂ ಐದನ್ನು ನಮಗೆ ತಿಳಿಯದಂತೆಯೇ ಒದಗಿಸುತ್ತಿರುತ್ತದೆ: ಹೊತ್ತಿಗೊಂದು ಕಟ್ಟು, ಮನೆಯಾಚೆಯ ಒಡನಾಟ, ಹಲವರು ಸೇರಿ ಹೊರುವ ಉದ್ದೇಶ, ಸಮಾಜದಲ್ಲೊಂದು ಗುರುತು, ಮತ್ತು ಮನಸ್ಸಿರಲಿ ಇಲ್ಲದಿರಲಿ ಮಾಡಲೇಬೇಕಾದ ಚಟುವಟಿಕೆ. ಮರಿಯೆಂಟಾಲ್‌ನ ಬಡತನಕ್ಕೂ ಕೂಡಿಟ್ಟ ಹಣದ ಮೇಲೆ ಕೆಲಸ ಬಿಟ್ಟವರ ಸ್ಥಿತಿಗೂ ಅಜಗಜಾಂತರವಿದೆ, ಅದನ್ನು ಮರೆಯಬಾರದು. ಆದರೆ ಸಂಬಳದ ಜಾಗವನ್ನು ಉಳಿತಾಯ ತುಂಬಬಲ್ಲುದೇ ಹೊರತು ಉಳಿದ ಐದನ್ನು ತುಂಬುವುದಿಲ್ಲ ಎಂಬ ಮಾತು ಇಬ್ಬರಿಗೂ ಸಲ್ಲುತ್ತದೆ. ಹಾಳೆಯ ಚೌಕಗಳಿಗೆ ಹಚ್ಚುವ ಐದು ಬಣ್ಣಗಳು ಈ ಐದರವೇ.

ನನ್ನ ಮೊದಲ ಹಾಳೆ ನೋಡಲು ಚೆನ್ನಾಗಿಯೇ ಇತ್ತು. ನಡಿಗೆ, ಓದು, ಒಂದು ಹೊಸ ಭಾಷೆಯ ಕಲಿಕೆ, ಮನೆಯ ಸಣ್ಣಪುಟ್ಟ ದುರಸ್ತಿ. ಖಾಲಿ ಚೌಕವೇ ಇರಲಿಲ್ಲವೆನ್ನಬಹುದು. ಆಪ್ತಸಮಾಲೋಚಕರು ಮಂಗಳವಾರದ ಕಾಲಂನಲ್ಲಿ ಭಾಷೆ ಕಲಿಕೆ ಎಂದು ಬರೆದಿದ್ದ ಎರಡು ಚೌಕಗಳ ಮೇಲೆ ಗುರುತು ಹಾಕಿ ಕೇಳಿದರು: “ಇದನ್ನು ನೀವು ಮುಂದಿನ ವಾರ ಬಿಟ್ಟುಬಿಟ್ಟರೆ ಯಾರಾದರೂ ಯಾಕೆಂದು ಕೇಳುತ್ತಾರೆಯೇ?” ಇಲ್ಲವೆಂದೆ. ಗುರುತು ಬುಧವಾರಕ್ಕೆ ಹೋಯಿತು, ಗುರುವಾರಕ್ಕೆ ಹೋಯಿತು, ಉತ್ತರ ಅದೇ. ಕೊನೆಗೆ ಅವರು ಹೇಳಿದ್ದಿಷ್ಟು: “ಯಾರಾದರೂ ನಿಮಗಾಗಿ ಕಾಯುವಂಥ ಒಂದು ಕೆಲಸವನ್ನು ಈ ವಾರ ಸೇರಿಸಿ. ಅದು ನಿಮಗೆ ಖುಷಿ ಕೊಡಲೇಬೇಕೆಂದಿಲ್ಲ.” ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತು, ಏಕೆಂದರೆ ನಿವೃತ್ತರಿಗೆ ಸಲಹೆ ಕೊಡುವವರೆಲ್ಲ ಇಷ್ಟವಾದದ್ದನ್ನು ಮಾಡಿ, ಹವ್ಯಾಸ ಬೆಳೆಸಿಕೊಳ್ಳಿ ಎಂಬುದರಾಚೆಗೆ ಹೋಗುವುದು ಅಪರೂಪ. ಕೆಲಸದಲ್ಲಿದ್ದಾಗ ನಾವು ಮಾಡುತ್ತಿದ್ದುದರಲ್ಲಿ ಇಷ್ಟವಾದದ್ದು ಎಷ್ಟಿತ್ತು? ಆದರೂ ಅದು ನಮ್ಮ ದಿನವನ್ನು ಎತ್ತಿ ಹಿಡಿದಿತ್ತಲ್ಲ. ಮನಸ್ಸು ಸರಿಯಾಗಲಿ, ಆಮೇಲೆ ಎದ್ದು ಹೊರಡುತ್ತೇನೆ ಎನ್ನುವುದನ್ನು ಬಿಟ್ಟು ಮೊದಲು ಹೊರಡುವುದು, ಮನಸ್ಸು ಹಿಂದಿನಿಂದ ಬರಲಿ ಎಂದು ಬಿಡುವುದು ಖಿನ್ನತೆಯ ಚಿಕಿತ್ಸೆಯಲ್ಲಿ ಚೆನ್ನಾಗಿ ಪರೀಕ್ಷೆಗೊಳಗಾದ ಕ್ರಮ; ಸೇವೆ ಅದನ್ನು ದೊಡ್ಡ ಹೆಸರಿಲ್ಲದೆ, ಚೌಕಗಳ ಮೂಲಕವೇ ಕಲಿಸುತ್ತದೆ. ನಾನು ಇಬ್ಬರು ವಿದ್ಯಾರ್ಥಿಗಳಿಗೆ ಗಣಿತ ಹೇಳಿಕೊಡಲು ಒಪ್ಪಿಕೊಂಡೆ. ಒಂದು ದಿನ ತಡವಾಗಿ ಹೋದಾಗ ಅವರಲ್ಲಿ ಚಿಕ್ಕವನು ಗಡಿಯಾರ ನೋಡಿ ಮುಖ ಗಂಟಿಕ್ಕಿಕೊಂಡ. ಕೆಲಸ ಬಿಟ್ಟ ಮೇಲೆ ನನ್ನ ತಡಕ್ಕೆ ಇನ್ನೊಬ್ಬರು ಸಿಟ್ಟಾದದ್ದು ಅದೇ ಮೊದಲು. ಆ ವಾರದ ಹಾಳೆಯಲ್ಲಿ ಅದನ್ನು ಒಳ್ಳೆಯ ಬಣ್ಣದಲ್ಲೇ ಗುರುತಿಸಿದೆ.

ಹಾಳೆಯಲ್ಲಿ ಕೊರತೆಯಿಲ್ಲವೆಂದಲ್ಲ. ನಿದ್ದೆಯ ಚೌಕಗಳಿಗೆ ಬಣ್ಣವೇ ಇಲ್ಲ, ಹಾಗಾಗಿ ಅಲಾರಂ ನಿಂತ ಮೇಲೆ ಏಳುವ ಹೊತ್ತು ದಿನದಿಂದ ದಿನಕ್ಕೆ ತಡವಾಗುತ್ತ ಹೋಗುವುದು ಕಣ್ಣಿಗೆ ಬೀಳುವುದಿಲ್ಲ. ಏಳುವ ಹೊತ್ತನ್ನು ಮೊದಲು ಕಟ್ಟಿಹಾಕಿ, ಮಲಗುವ ಹೊತ್ತು ತಾನಾಗಿ ಸರಿಯಾಗುತ್ತದೆ ಎಂಬ ಸರಳ ಸಲಹೆಯನ್ನು ಆಪ್ತಸಮಾಲೋಚಕರು ಬಾಯಿಮಾತಿನಲ್ಲಿ ಕೊಟ್ಟರು; ಅದು ಹಾಳೆಯ ಮೊದಲ ಸಾಲಿನಲ್ಲೇ ಇರಬೇಕಿತ್ತು.

ಆ್ಯಪ್‌ನ ಇನ್ನೊಂದು ಭಾಗ ನಿವೃತ್ತಿಯ ಹಂತಗಳನ್ನು ಕ್ಯಾಲೆಂಡರಿನ ಮೇಲೆ ಕೂರಿಸುತ್ತದೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಆಚ್ಲಿ 1970ರ ದಶಕದಲ್ಲಿ ನಿವೃತ್ತಿಯ ಮಧುಚಂದ್ರದ ಹಂತ, ಭ್ರಮನಿರಸನದ ಹಂತ, ದಾರಿ ಹುಡುಕಿಕೊಳ್ಳುವ ಹಂತ, ನೆಲೆ ನಿಲ್ಲುವ ಹಂತ ಎಂದು ವಿಂಗಡಿಸಿದ್ದು ನಿಜ. ಎಲ್ಲರೂ ಎಲ್ಲ ಹಂತಗಳನ್ನು ಇದೇ ಅನುಕ್ರಮದಲ್ಲಿ ಹಾಯುತ್ತಾರೆಂಬುದು ಅವರ ವಾದವಾಗಿರಲಿಲ್ಲ. ಆದರೆ ಆ್ಯಪ್ ನನಗೆ, ಈ ತಿಂಗಳು ನಿಮಗೆ ಭ್ರಮನಿರಸನದ ಕಾಲ ಎಂದು ಸೂಚನೆ ಕಳಿಸಿತು, ಅದೂ ಬೆಳಿಗ್ಗೆ ಎದ್ದ ತಕ್ಷಣ. ಪಂಚಾಂಗ ನೋಡಿ ದುಃಖಪಡುವ ಈ ವ್ಯವಸ್ಥೆಯನ್ನು ಬಂದ್ ಮಾಡುವ ಆಯ್ಕೆ ಸೆಟ್ಟಿಂಗ್‌ನಲ್ಲಿದೆ, ಸೇರಿದ ದಿನವೇ ಬಳಸಿ.

ಗುಂಪು ಸಭೆಗಳ ಬಗ್ಗೆ ನನ್ನ ಮುಖ್ಯ ಆಕ್ಷೇಪ ಗುಂಪು ಕಟ್ಟುವ ರೀತಿಯ ಮೇಲೆ. ದಣಿದು ಬೇಸತ್ತು ಕೆಲಸ ಬಿಟ್ಟವರು, ಕಂಪನಿ ಹೊರಹಾಕಿದ್ದನ್ನು ಗೌರವಕ್ಕಾಗಿ ನಿವೃತ್ತಿಯೆಂದು ಕರೆದುಕೊಳ್ಳುವವರು, ಕಾಯಿಲೆಯಿಂದಾಗಿ ಬಿಡಬೇಕಾದವರು, ಇಪ್ಪತ್ತು ವರ್ಷ ಯೋಜಿಸಿ ಬಿಟ್ಟವರು, ಎಲ್ಲರನ್ನೂ ಒಂದೇ ಸಭೆಯಲ್ಲಿ ಕೂರಿಸುತ್ತಾರೆ. ಯೋಜಿಸಿ ಬಿಟ್ಟವರು ಸ್ವಾತಂತ್ರ್ಯವನ್ನು ಹೇಗೆ ನಿಭಾಯಿಸುವುದೆಂದು ಚರ್ಚಿಸುತ್ತಿದ್ದಾಗ, ಹೊರಹಾಕಲ್ಪಟ್ಟವರ ಕ್ಯಾಮೆರಾಗಳು ಒಂದೊಂದಾಗಿ ಆರಿದ್ದನ್ನು ನಾನು ನೋಡಿದ್ದೇನೆ. ದಣಿದವರಿಗೆ ಮೊದಲು ಬೇಕಾದದ್ದು ವಿಶ್ರಾಂತಿ. ಅವರಿಗೆ ಮೂರನೆಯ ವಾರದಲ್ಲೇ ಹೊಸ ಹೊಣೆ ಹುಡುಕಿ ಎನ್ನುವುದು ಕ್ರೌರ್ಯ. ಹೊರಹಾಕಲ್ಪಟ್ಟವರಿಗೆ ಬೇಕಾದದ್ದು ಅವಮಾನವನ್ನು ಅವಮಾನವೆಂದೇ ಹೇಳಿಕೊಳ್ಳಲು ಜಾಗ. ಗುರುತಿಗೆ ಸಂಬಂಧಿಸಿದ ಒಂದು ಅಭ್ಯಾಸದಲ್ಲಿ ಇದು ಎದ್ದು ಕಂಡಿತು. ಮಾಜಿ, ನಿವೃತ್ತ, ಹಿಂದೆ ಎಂಬ ಪದಗಳನ್ನು ಬಳಸದೆ ಒಂದು ನಿಮಿಷದಲ್ಲಿ ತಮ್ಮ ಪರಿಚಯ ಹೇಳಬೇಕು ಎಂಬುದು ಅಭ್ಯಾಸ. ಕೆಲವರಿಗೆ ಇದು ಆಟ. ಒಬ್ಬರು ಬಾಯಿ ತೆರೆದು ಹೆಸರು ಹೇಳಿ, ಮುಂದೇನೂ ಹೊಳೆಯದೆ, ಕಣ್ಣೊರೆಸಿಕೊಂಡು ಸಭೆಯಿಂದ ಹೊರಬಿದ್ದರು. ಆಪ್ತಸಮಾಲೋಚಕರು ಸಭೆಯನ್ನು ಅಲ್ಲಿಗೇ ಮುಗಿಸಿ ಅವರಿಗೆ ಕರೆ ಮಾಡಿದರು, ಮೆಚ್ಚಬೇಕಾದ ನಡೆ. ಆದರೂ ಇಂಥ ಅಭ್ಯಾಸವನ್ನು ಇಬ್ಬರೇ ಕುಳಿತು ಮಾಡುವಾಗ ಮೊದಲು ಪ್ರಯತ್ನಿಸಬೇಕಿತ್ತು.

ಸಂಗಾತಿಗಾಗಿ ಇಟ್ಟಿರುವುದು 12 ವಾರಗಳಲ್ಲಿ ಒಂದೇ ಒಂದು ಭೇಟಿ. ಕೆಲಸ ಬಿಟ್ಟವರು ದಿನವಿಡೀ ಮನೆಯಲ್ಲಿರತೊಡಗಿದಾಗ ಮನೆಯಲ್ಲಿ ಮೊದಲಿನಿಂದ ಇದ್ದವರ ಏಕಾಂತ ಹೋಗುತ್ತದೆ. ಇನ್ನೂ ಉದ್ಯೋಗದಲ್ಲಿರುವ ಸಂಗಾತಿಯಾದರೆ ಸಂಜೆ ದಣಿದು ಬರುವವರಿಗೆ ಹಗಲಿಡೀ ಮಾತಿಗಾಗಿ ಕಾದವರು ಎದುರಾಗುತ್ತಾರೆ. ಆ ಒಂದೇ ಭೇಟಿಯಲ್ಲಿ ನನ್ನ ಹೆಂಡತಿ, ನನಗೆ ಇವರಿಂದ ಬೇಕಾದದ್ದು ನನ್ನ ಅಡುಗೆಮನೆಯ ಸುಧಾರಣೆಯಲ್ಲ, ಬೆಳಗಿನ ಎರಡು ಗಂಟೆ ಮೌನ ಎಂದಳು. ಅದಕ್ಕೂ ಮೊದಲು ಈ ಮಾತು ನಮ್ಮಿಬ್ಬರ ನಡುವೆ ಬಂದೇ ಇರಲಿಲ್ಲ. ಒಂದು ಭೇಟಿಯಿಂದ ಇಷ್ಟು ಹೊರಬರುವುದಾದರೆ ಹಣದ ಪಾಠದ ಎರಡು ವಾರಗಳನ್ನು ಇದಕ್ಕೇ ಕೊಡಬಹುದಿತ್ತು.

ಮದ್ಯದ ಬಗ್ಗೆ ಸೇವೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಮರುದಿನ ಬೆಳಿಗ್ಗೆ ಎಲ್ಲಿಗೂ ಹೋಗಬೇಕಿಲ್ಲದವರಲ್ಲಿ ಕುಡಿತ ಸದ್ದಿಲ್ಲದೆ ಹೆಚ್ಚಬಹುದು, ಅದು ನಿದ್ದೆಯನ್ನೂ ಮನಸ್ಥಿತಿಯನ್ನೂ ಕೆಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಆಡಿಟ್ ಎಂಬ 10 ಪ್ರಶ್ನೆಗಳ ಪಟ್ಟಿ ಕೆಲವೇ ನಿಮಿಷಗಳಲ್ಲಿ ಮುಗಿಯುವಂಥದ್ದು; ಅದನ್ನು ಸೇರಿಸದಿರಲು ಕಾರಣ ಕಾಣುವುದಿಲ್ಲ. ತಾಂತ್ರಿಕವಾಗಿ ದೂರಲು ಹೆಚ್ಚಿಲ್ಲ. ವಿಡಿಯೊ ಚೆನ್ನಾಗಿದೆ, ಭೇಟಿಗಳನ್ನು ಧ್ವನಿಮುದ್ರಿಸುವುದಿಲ್ಲ, ಕೇಳಿದರೆ ಹಾಳೆಗಳನ್ನೆಲ್ಲ ಅಳಿಸಿ ದೃಢೀಕರಣ ಕಳಿಸುತ್ತಾರೆ. ಆಪ್ತಸಮಾಲೋಚಕರನ್ನು ಒಮ್ಮೆ ಬದಲಾಯಿಸಿಕೊಳ್ಳುವ ಅವಕಾಶವಿದೆ, ಕಾರಣ ಕೇಳುವುದಿಲ್ಲ.

ತೀವ್ರ ಖಿನ್ನತೆಯಲ್ಲಿರುವವರಿಗೆ, ವಾರಗಟ್ಟಲೆ ಯಾವುದರಲ್ಲೂ ಆಸಕ್ತಿಯಿಲ್ಲದೆ, ಊಟ ನಿದ್ದೆ ಬಿಟ್ಟು, ತಾನು ಯಾರಿಗೂ ಬೇಡವೆಂಬ ಯೋಚನೆಯಲ್ಲಿ ಮುಳುಗಿರುವವರಿಗೆ ಇದು ತಕ್ಕ ಸೇವೆಯಲ್ಲ. ಅವರು ಮೊದಲು ಮನೋವೈದ್ಯರನ್ನು ಕಾಣಬೇಕು. ಹಗಲು ಉದ್ದವಾಗಿ, ಅರ್ಥ ತೆಳ್ಳಗಾಗಿ, ಆದರೆ ಎದ್ದು ಓಡಾಡುವ ಶಕ್ತಿ ಉಳಿದಿರುವವರಿಗೆ ಇದನ್ನು ಧೈರ್ಯವಾಗಿ ಸೂಚಿಸುತ್ತೇನೆ, ವಾರದ ಹಾಳೆಯೊಂದಕ್ಕಾಗಿಯೇ.

ಯಾವಾಗ ಸೇರಬೇಕು ಎಂಬುದರಲ್ಲಿ ಮಾತ್ರ ಸೇವೆಗೂ ನನಗೂ ಭಿನ್ನಾಭಿಪ್ರಾಯವಿದೆ. ಕೆಲಸದ ಕೊನೆಯ ದಿನ ಮುಗಿದ ಮೇಲಷ್ಟೇ ಅವರು ಸೇರಿಸಿಕೊಳ್ಳುತ್ತಾರೆ. 168 ಚೌಕಗಳನ್ನು ಇನ್ನೂ ಉದ್ಯೋಗದಲ್ಲಿರುವಾಗಲೇ ಒಮ್ಮೆ ತುಂಬಿದರೆ, ಐದು ಬಣ್ಣಗಳಲ್ಲಿ ಯಾವುದು ಸಂಪೂರ್ಣ ಕಚೇರಿಯಿಂದಲೇ ಬರುತ್ತಿದೆ ಎಂಬುದು ರಾಜೀನಾಮೆ ಕೊಡುವ ಮೊದಲೇ ತಿಳಿಯುತ್ತದೆ. ಅದರ ಮೇಲೆ ಪೂರ್ತಿ ಬಿಡಬೇಕೋ, ಅರೆಕಾಲಿಕವಾಗಿ ಉಳಿಯಬೇಕೋ, ಕೆಲವು ತಿಂಗಳ ದೀರ್ಘ ರಜೆ ಹಾಕಿ ನೋಡಬೇಕೋ ಎಂದು ತೀರ್ಮಾನಿಸಬಹುದು. ಇದನ್ನು ಬರೆದು ತಿಳಿಸಿದ್ದಕ್ಕೆ ಧನ್ಯವಾದದ ಸಿದ್ಧ ಉತ್ತರವೊಂದು ಬಂತು, ಅದರ ಜೊತೆಗೆ ಮುಂದಿನ ಒಂದು ವರ್ಷದ ಚಂದಾ ಕಟ್ಟಿ ಎಂಬ ಆಹ್ವಾನ. ಚಂದಾದಾರರಿಗೆ ಸಿಗುವುದು ತಿಂಗಳಿಗೊಂದು ಗುಂಪು ಸಭೆ ಮತ್ತು ಅದೇ ಆ್ಯಪ್. ಆಪ್ತಸಮಾಲೋಚಕರೊಂದಿಗಿನ ಭೇಟಿ ಅದರಲ್ಲಿಲ್ಲ. ನಾನು ಚಂದಾ ಕಟ್ಟಲಿಲ್ಲ. ಹಾಳೆಯನ್ನು ಕಾಗದದ ಮೇಲೂ ಗೆರೆ ಹಾಕಿಕೊಳ್ಳಬಹುದು, ಮಂಗಳವಾರದ ಗಣಿತ ಪಾಠಕ್ಕೆ ಆ್ಯಪ್ ಬೇಕಿಲ್ಲ.